ಗೇಟಿನ ಬಳಿ ಅರ್ಧ ತಾಸು

ಇಂಗ್ಲಿಷಿನವರು ಆಡಿ ಆಡಿ ಬೇಜಾರಾಗಿ ಎಸೆದ ಮಾತುಗಳನ್ನು ಹೆಕ್ಕಿ, ಒರೆಸಿ, ಎಪ್ಪತ್ತು ದಾಟಿದ ಮೇಲೂ ಚಾಲ್ತಿಯಲ್ಲಿಟ್ಟ ಮನುಷ್ಯ ಈ ಭೂಮಿಯ ಮೇಲೆ ಬಹುಶಃ ನಮ್ಮಪ್ಪ ಒಬ್ಬನೇ. ಅದೂ ಎಲ್ಲ ಮಾತುಗಳಲ್ಲ, ಬೀಳ್ಕೊಡುವ ಮಾತುಗಳು ಮಾತ್ರ. ‘ಟೂಡಲ್ ಪಿಪ್’, ‘ಚೀರಿಯೋ’, ‘ಸೋ ಲಾಂಗ್’. ಊಟ ಆಯಿತೇ ಎಂದು ಇಂಗ್ಲಿಷಿನಲ್ಲಿ ಕೇಳು ಅಂದರೆ ಕೈಸನ್ನೆ ಮಾಡುತ್ತಿದ್ದ. ಬಿಸಿನೀರು ಯಾವಾಗ ಬರುತ್ತದೆ ಎಂದು ಅತಿಥಿಗಳು ಯಾರಾದರೂ ಕೇಳಿದರೆ ನನ್ನ ಕಡೆ ಬೆರಳು ತೋರಿಸುತ್ತಿದ್ದ. ಆದರೆ ಅವರು ಚೀಲ ಹೆಗಲಿಗೇರಿಸಿದ್ದೇ ತಡ, ಅಪ್ಪನ ಇಂಗ್ಲಿಷಿಗೆ ಜೀವ ಬರುತ್ತಿತ್ತು.

ಹಂಪಿಯ ಬಾಳೆ ತೋಟಗಳ ಅಂಚಿಗೆ ನನ್ನದೊಂದು ಗೆಸ್ಟ್ ಹೌಸ್ ಇದೆ. ಐದು ಕೋಣೆ, ಮೇಲೆ ತಗಡಿನ ಚಪ್ಪರ, ಎದುರಿಗೆ ಒಂದು ಕಬ್ಬಿಣದ ಗೇಟು. ಅವ್ವ ತೀರಿಕೊಂಡ ಮೇಲೆ ಅಪ್ಪ ಟಿ.ಬಿ. ಡ್ಯಾಂನ ಬಾಡಿಗೆ ಮನೆ ಖಾಲಿ ಮಾಡಿ ನನ್ನ ಬಳಿ ಬಂದ. ಬಂದ ಮೊದಲ ವಾರ ಮಾಡಲು ಕೆಲಸವಿಲ್ಲದೆ, ನೀರಿನ ಟ್ಯಾಂಕು ತುಂಬಿತೇ ಎಂದು ದಿನಕ್ಕೆ ಹತ್ತು ಸಲ ಏಣಿ ಹತ್ತಿ ನನ್ನ ಜೀವ ತಿಂದ. ಎರಡನೆಯ ವಾರ ಗೇಟಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ತನಗೆ ತಾನೇ ಹುದ್ದೆ ಕೊಟ್ಟುಕೊಂಡ. ಬಂದವರನ್ನು ಬರಮಾಡಿಕೊಳ್ಳುವುದು ನನ್ನ ಕೆಲಸ, ಹೊರಟವರನ್ನು ಕಳಿಸುವುದು ಅವನ ಕೆಲಸ. ಬರುವವರ ಬಗ್ಗೆ ಅವನಿಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ.

ಈ ಮಾತುಗಳು ಅವನಿಗೆ ಸಿಕ್ಕಿದ್ದು ಕಾಲುವೆ ಆಫೀಸಿನಲ್ಲಿ. ಅಪ್ಪ ಅಲ್ಲಿ ಗುಮಾಸ್ತನಾಗಿ ಸೇರಿದಾಗ ಮೇಲೊಬ್ಬ ಮುದಿ ಸಾಹೇಬ ಇದ್ದನಂತೆ. ಆ ಸಾಹೇಬ ತನ್ನ ಹರೆಯದಲ್ಲಿ ಬಿಳಿಯ ಇಂಜಿನಿಯರುಗಳ ಕೈಕೆಳಗೆ ಪಳಗಿದವನು. ಸಂಜೆ ಐದೂವರೆಗೆ ಟೋಪಿ ಹಾಕಿಕೊಂಡು, ಬಾಗಿಲಲ್ಲಿ ನಿಂತು, ಎಲ್ಲ ಗುಮಾಸ್ತರಿಗೂ ಕೇಳುವಂತೆ ‘ಟೂಡಲ್ ಪಿಪ್’ ಅನ್ನುತ್ತಿದ್ದನಂತೆ. ಕಾಲುವೆ ನೀರು ಮೇಲಿನವರ ಹೊಲ ತೋಯಿಸಿ ಕೊನೆಯವನಿಗೆ ಮುಟ್ಟುವ ಹೊತ್ತಿಗೆ ಹೇಗಿರುತ್ತದೋ, ಆ ಇಂಗ್ಲಿಷೂ ಅಪ್ಪನಿಗೆ ಮುಟ್ಟುವ ಹೊತ್ತಿಗೆ ಹಾಗೇ ಆಗಿತ್ತು. ಆದರೆ ಅಪ್ಪನಿಗೆ ಅದರ ಹಳತನ ಗೊತ್ತಿರಲಿಲ್ಲ. ಸಾಹೇಬ ಆಡಿದ್ದೇ ಇಂಗ್ಲಿಷು, ಉಳಿದವರು ಆಡುವುದು ಬರೀ ಗಡಿಬಿಡಿ ಎಂದು ನಂಬಿದ್ದ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಮನೆಯಲ್ಲಿ ಹೊರಡುವಾಗ ಯಾರೂ ‘ಹೋಗ್ತೀನಿ’ ಅನ್ನುವಂತಿಲ್ಲ, ‘ಬರ್ತೀನಿ’ ಅನ್ನಬೇಕು. ಇದೇನು ದೊಡ್ಡ ಸಂಗತಿಯಲ್ಲ, ಎಲ್ಲರ ಮನೆಯಲ್ಲೂ ಇರುವುದೇ. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಶಿಕ್ಷೆಯೂ ಇತ್ತು. ಬಾಯಿ ತಪ್ಪಿ ‘ಹೋಗ್ತೀನಿ’ ಅಂದವರು ಮತ್ತೆ ಒಳಗೆ ಬಂದು, ಕೂತು, ನೀರು ಕುಡಿದು, ಎದ್ದು, ಸರಿಯಾಗಿ ಹೇಳಿ ಹೊರಡಬೇಕು. ಹೊರಡುವಾಗ ಒಂಟಿ ಸೀನು ಬಂದರೂ ಹಾಗೇ. ‘ಎಲ್ಲಿಗೆ?’ ಎಂದು ಯಾರಾದರೂ ಕೇಳಿಬಿಟ್ಟರೂ ಹಾಗೇ. ನಾನು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಹೊರಟಾಗ ಪಕ್ಕದ ಕ್ವಾರ್ಟರ್ಸಿನ ಹೆಂಗಸು ಬೇಲಿಯ ಮೇಲಿಂದ “ಎಲ್ಲಿಗವ್ವ?” ಎಂದಳು. ಅಪ್ಪ ನನ್ನನ್ನು ರಟ್ಟೆ ಹಿಡಿದು ಒಳಗೆ ತಂದು ಕೂರಿಸಿ ನೀರು ಕುಡಿಸಿದ. ನಾನು ಪರೀಕ್ಷೆಯ ಕೋಣೆ ಮುಟ್ಟುವ ಹೊತ್ತಿಗೆ ಎಲ್ಲರೂ ಎರಡನೆಯ ಪ್ರಶ್ನೆಯಲ್ಲಿದ್ದರು. ಗಣಿತದಲ್ಲಿ ನನಗೆ ಬಂದ ಅಂಕಗಳಿಗೆ ಆ ಲೋಟದ ನೀರೇ ಕಾರಣ ಎಂದು ಇವತ್ತಿಗೂ ವಾದಿಸುತ್ತೇನೆ.

ಇದೇ ಕಾನೂನನ್ನು ಅಪ್ಪ ಇಂಗ್ಲಿಷಿಗೂ ಹಚ್ಚಿದ. ಅವನ ಲೆಕ್ಕದಲ್ಲಿ ‘ಗುಡ್‌ಬೈ’ ಅಂದರೆ ‘ಹೋಗ್ತೀನಿ’ ಅಂದಂತೆಯೇ. “ಬಾಗ್ಲ ಮುಚ್ಚಿದಂಗ ಕೇಳ್ತೈತಿ ಅದು. ಒಳ್ಳೆ ಮನಿಯವ್ರು ಹಂಗ ಅನ್ನಂಗಿಲ್ಲ” ಅನ್ನುತ್ತಿದ್ದ. ‘ಫೇರ್‌ವೆಲ್’ ಅಂತೂ ರಿಟೈರ್ ಆದವರಿಗೆ ಹಾರ ಹಾಕಿ ಅನ್ನುವ ಮಾತು, ಮನೆಯೊಳಗೆ ತರಲೇಬಾರದು. ಉಳಿದವುಗಳನ್ನು ಅವನು ಆಳು ನೋಡಿ ಹಂಚುತ್ತಿದ್ದ. ಒಂದೇ ರಾತ್ರಿ ಇದ್ದು ಓಡುವವರಿಗೆ ಟೂಡಲ್ ಪಿಪ್. ಮೂರು ನಾಲ್ಕು ದಿನ ಇದ್ದು, ನಮ್ಮ ಜೋಳದ ರೊಟ್ಟಿ ತಿಂದು, ಬಚ್ಚಲು ಚೊಕ್ಕ ಇಟ್ಟವರಿಗೆ ಚೀರಿಯೋ. ಬಾಡಿಗೆ ಬೈಕಿನಲ್ಲಿ ಸಂಡೂರಿನ ಕಡೆ ಹೊರಟವರಿಗೆ, ಆ ದಾರಿಯಲ್ಲಿ ಅದಿರಿನ ಲಾರಿಗಳು ಬರುವ ಅಬ್ಬರ ನೆನೆದು, ಗಾಡ್‌ಸ್ಪೀಡ್. ಸೋ ಲಾಂಗ್ ಮಾತ್ರ ಸುಮ್ಮನೆ ಸಿಗುತ್ತಿರಲಿಲ್ಲ. ಅದು ಖಂಡಿತ ಮತ್ತೆ ಬರುವವರಿಗೆ ಮಾತ್ರ. ಮೂರು ವರ್ಷದಲ್ಲಿ ಅದನ್ನು ಪಡೆದವರು ಇಬ್ಬರೇ. ಪ್ರತಿ ಚಳಿಗಾಲ ಬಂದು ಬಂಡೆಗಳ ಚಿತ್ರ ಬರೆಯುವ ಒಬ್ಬ ಹೆಂಗಸು, ಮತ್ತು ಗ್ಯಾಸ್ ಸಿಲಿಂಡರ್ ತರುವವನು.

ಬರೀ ಮಾತು ಹೇಳಿದರೆ ಮುಗಿಯುತ್ತಿರಲಿಲ್ಲ. ಅಪ್ಪ ಅವರ ಜೊತೆ ಬಾಗಿಲಲ್ಲಿ ಒಮ್ಮೆ ನಿಲ್ಲುತ್ತಿದ್ದ, ತುಳಸಿ ಕಟ್ಟೆಯ ಹತ್ತಿರ ಒಮ್ಮೆ, ಗೇಟಿನಲ್ಲಿ ಒಮ್ಮೆ, ಆಟೋದ ಸರಳು ಹಿಡಿದು ಒಮ್ಮೆ. ಕೈಗೆ ಎರಡು ಬಾಳೆಹಣ್ಣು ಕೊಡುತ್ತಿದ್ದ. ಅವರು ಬೇಡ ಅಂದರೆ ನಾಲ್ಕು ಕೊಡುತ್ತಿದ್ದ. ನೋಡುವವರು ಹೇಳುತ್ತಿದ್ದರು, ಹೆಂಡತಿ ಸಾಯುವಾಗ ಪಕ್ಕದಲ್ಲಿರಲಿಲ್ಲ, ಆ ನೋವಿಗೆ ಹೀಗೆ ಮಾಡುತ್ತಾನೆ ಎಂದು. ನಿಜ, ಅವ್ವ ಹೊಸಪೇಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಪ್ಪ “ಈಗ ಬಂದೆ” ಅಂದು ಕೆಳಗೆ ಚಹಾ ತರಲು ಇಳಿದಿದ್ದ. ಆದರೆ ಅದನ್ನೂ ಇದನ್ನೂ ಗಂಟು ಹಾಕುವುದು ಸಿನಿಮಾದವರ ಕೆಲಸ. ಅವ್ವ ಗಟ್ಟಿಮುಟ್ಟಾಗಿದ್ದಾಗಲೂ ಅಪ್ಪ ಹೀಗೇ ಇದ್ದ. ನೆಂಟರನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ಹೋಗಿ ಅವರ ಜೊತೆ ಮುಂದಿನ ಸ್ಟಾಪಿನವರೆಗೂ ಹೋಗಿಬಿಡುತ್ತಿದ್ದ, ಅವ್ವ ನಾಲ್ಕು ಮನೆಗೆ ಕೇಳುವಂತೆ ಬೈಯುತ್ತಿದ್ದಳು.

ಹೀಗಾಗಿ ನಾನೊಂದು ಉಪಾಯ ಮಾಡಿದ್ದೆ. ಯಾರಿಗಾದರೂ ಹೊಸಪೇಟೆಯಲ್ಲಿ ರೈಲು ಇದ್ದರೆ, ದಾರಿಯಲ್ಲಿ ಲಾರಿಗಳ ಕಾಟ ಭಾರಿ ಎಂದು ಹೆದರಿಸಿ ಅರ್ಧ ತಾಸು ಮುಂಚೆಯೇ ಹೊರಡಿಸುತ್ತಿದ್ದೆ. ಆ ಅರ್ಧ ತಾಸು ಲಾರಿಗಳಿಗಲ್ಲ, ಅಪ್ಪನಿಗೆ. ಇದು ನನಗೆ ಮತ್ತು ನಮ್ಮ ಖಾಯಂ ಆಟೋದವನಿಗೆ ಮಾತ್ರ ಗೊತ್ತಿದ್ದ ಗುಟ್ಟು. ಹೀಗೆ ಮೂರು ವರ್ಷ ಯಾರ ರೈಲೂ ತಪ್ಪಲಿಲ್ಲ, ಅಪ್ಪನ ಒಂದು ಚೀರಿಯೋ ಕೂಡ ಅರ್ಧಕ್ಕೆ ನಿಲ್ಲಲಿಲ್ಲ.

ಆಮೇಲೆ ಇಂಗ್ಲೆಂಡಿನ ಆ ಗಂಡ ಹೆಂಡತಿ ಬಂದರು. ಇಬ್ಬರೂ ರಿಟೈರ್ ಆದವರು, ಮೃದು ಮಾತಿನವರು, ನಾಲ್ಕು ದಿನ ಇದ್ದರು. ಹೊರಡುವ ದಿನ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ಗ್ಯಾಸ್ ಖಾಲಿಯಾಗಿ, ಐದೂ ಕೋಣೆಗಳಿಗೆ ಉಪ್ಪಿಟ್ಟು ಬಾಕಿ ಇದ್ದು, ನಾನು ತಲೆಕೆಟ್ಟು ಓಡಾಡುತ್ತಿದ್ದೆ. ಅರ್ಧ ತಾಸಿನ ಮಾತು ಹೇಳುವುದು ಮರೆತೆ. ಅವರು ತಮ್ಮ ಫೋನು ನೋಡಿಕೊಂಡು, ಸರಿಯಾದ ಹೊತ್ತಿಗೆ, ಅಂದರೆ ತಪ್ಪಾದ ಹೊತ್ತಿಗೆ ಹೊರಟರು.

ಗೇಟಿನ ಹತ್ತಿರ ಗಂಡ ಸೀನಿದ. ಒಂದೇ ಸೀನು. ಅಪ್ಪ ಗೇಟು ಹಾಕಿದ.

“ಸಿಟ್, ಸಿಟ್. ವಾಟರ್,” ಎಂದು ಇಬ್ಬರನ್ನೂ ಕರೆತಂದು ಜಗಲಿಯ ಮೇಲೆ ಕೂರಿಸಿದ. ಅವರು ಇದೇನೋ ಪೂಜೆ ಇರಬೇಕು ಎಂದುಕೊಂಡು ಸಂತೋಷದಿಂದ ಕೂತರು, ಹೆಂಡತಿ ಫೋಟೋ ಕೂಡ ತೆಗೆದಳು. ನೀರು ಕುಡಿದು ಎದ್ದರು. ಗೇಟಿನ ಹತ್ತಿರ ಮತ್ತೆ ಸೀನು, ಈ ಸಲ ಮೂರು. ಎರಡಾಗಿದ್ದರೆ ಜೋಡಿ ಆಗಿ ಬಚಾವಾಗುತ್ತಿದ್ದರು, ನಾಲ್ಕಾದರೂ ನಡೆಯುತ್ತಿತ್ತು. ಅಪ್ಪ ಇನ್ನೊಂದು ಬರಲೆಂದು ಆ ಮನುಷ್ಯನ ಮೂಗನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಮತ್ತೆ ಜಗಲಿ, ಮತ್ತೆ ನೀರು. ಮೂರನೆಯ ಸಲ ಎಲ್ಲ ಸುಸೂತ್ರವಾಗಿ, ಅವರು ಒಂದು ಕಾಲು ಆಟೋದಲ್ಲಿ ಇಟ್ಟಾಗ, ಸೈಕಲ್ಲಿನಲ್ಲಿ ಹೊರಟಿದ್ದ ಅಂಗಡಿಯವನೊಬ್ಬ ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ “ವೇರ್ ಗೋಯಿಂಗ್?” ಎಂದು ಕೂಗಿದ. ಅಪ್ಪ ಅವನಿಗೆ ಕನ್ನಡದಲ್ಲಿ ಬೈದು, ಇವರನ್ನು ಇಂಗ್ಲಿಷಿನಲ್ಲಿ ಇಳಿಸಿದ.

ರೈಲು ಹೋಯಿತು. ಮುಕ್ಕಾಲು ತಾಸಿನಲ್ಲಿ ಅದೇ ಆಟೋದಲ್ಲಿ ಅವರು ವಾಪಸು ಬಂದರು. ಹೆಂಡತಿಯ ಮುಖ ಕೆಂಪಾಗಿತ್ತು. ಅವರಿಗೆ ಮುಂದೆ ವಿಮಾನವಿತ್ತು, ಅದಕ್ಕೆ ಬೇರೆ ಗಾಡಿ ಮಾಡಬೇಕಿತ್ತು. ನಾನು ಆಗ ಮಾಡಬೇಕಾದದ್ದು ಒಂದೇ, ತಪ್ಪು ನನ್ನದು ಅನ್ನುವುದು. ಅದರ ಬದಲು ಏನು ಮಾಡಿದೆ ಗೊತ್ತೇ? ಅವರೆದುರಿಗೇ, ಆಟೋದವನ ಎದುರಿಗೇ, ಉಪ್ಪಿಟ್ಟು ತಿನ್ನುತ್ತ ಕೂತಿದ್ದ ಬೇರೆ ಅತಿಥಿಗಳ ಎದುರಿಗೇ ಅಪ್ಪನ ಮೇಲೆ ಹರಿಹಾಯ್ದೆ.

“ಸಾಕ್ ಮಾಡಪ್ಪ ನಿನ್ನ ಪಿಪ್ಪು ಗಿಪ್ಪು! ಹಿಂಗ ಯಾರೂ ಮಾತಾಡಂಗಿಲ್ಲ ಈಗ. ಎಲ್ಲಾರೂ ಮುಂದ ನಕ್ಕಂಗ ಮಾಡಿ ಹಿಂದ ಆಡ್ಕೊಂತಾರ. ನಂಗ ನಾಚಿಕಿ ಆಗ್ತೈತಿ. ಇನ್ಮ್ಯಾಲ ಗೇಟಿನ ಕಡೆ ಬರಬ್ಯಾಡ ನೀನು.”

ಅಪ್ಪನ ಕೈಯಲ್ಲಿ ಇನ್ನೂ ನೀರಿನ ತಂಬಿಗೆ ಇತ್ತು. ಅವನು ಆ ಇಂಗ್ಲಿಷ್ ಗಂಡಸಿನ ಕಡೆ ತಿರುಗಿ, “ಟೂಡಲ್ ಪಿಪ್, ನೋ?” ಎಂದು ಕೇಳಿದ. ಆ ಮನುಷ್ಯ ಒಳ್ಳೆಯವನು, ಸುಳ್ಳು ಹೇಳಲು ಬಾರದಷ್ಟು ಒಳ್ಳೆಯವನು. “ನಮ್ಮಜ್ಜ ಹಾಗನ್ನುತ್ತಿದ್ದ,” ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ. ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ, ಗೆದ್ದವಳ ಹಾಗೆ. ಅಪ್ಪ ತಲೆಯಾಡಿಸಿ, ತಂಬಿಗೆಯನ್ನು ಜಗಲಿಯ ಮೇಲಿಟ್ಟು ಒಳಗೆ ಹೋದ.

ನಾಲ್ಕು ದಿನದ ಮೇಲೆ ಬುಕಿಂಗ್ ಆ್ಯಪಿನಲ್ಲಿ ಆ ಹೆಂಗಸು ಬರೆದದ್ದು ಬಂತು. ಕೋಣೆ ಚೊಕ್ಕ, ತಿಂಡಿ ರುಚಿ, ಹೊರಡುವುದು ಮಾತ್ರ ಕಷ್ಟ ಎಂದು ಬರೆದಿದ್ದಳು. ಎರಡು ನಕ್ಷತ್ರ ಕೊಟ್ಟಿದ್ದಳು. ಆದರೆ ಆ ಹೊತ್ತಿಗೆ ನನ್ನ ಮನೆಯಲ್ಲಿ ಹೊರಡುವುದು ಬಹಳ ಸುಲಭವಾಗಿತ್ತು.

ಅಪ್ಪನ ಕುರ್ಚಿ ಹಿತ್ತಲಿಗೆ ಹೋಯಿತು. ಯಾರಾದರೂ ಹೊರಟರೆ ಅವನು ಪೇಪರಿನ ಹಾಳೆ ತಿರುವುತ್ತಿದ್ದ. ಜನ ಬಿಲ್ಲು ಕೊಟ್ಟು, “ಬೈ” ಅಂದು, ಫೋನು ನೋಡುತ್ತ ಆಟೋ ಹತ್ತುತ್ತಿದ್ದರು. ಎರಡು ನಿಮಿಷದ ಕೆಲಸ. ಗೇಟು ಕಿರ್ ಎಂದು ತೆರೆದು ಕಿರ್ ಎಂದು ಮುಚ್ಚುವುದನ್ನು ನಾನು ಮೂರು ವರ್ಷದಲ್ಲಿ ಮೊದಲ ಸಲ ಕೇಳಿಸಿಕೊಂಡೆ. ಆಟೋದವನು ದಿನಾ ಕೇಳುತ್ತಿದ್ದ, “ಯಜಮಾನ್ರಿಗೆ ಆರಾಮಿಲ್ಲೇನ್ರಿ ಅಕ್ಕಾರ?” ಗ್ಯಾಸ್ ತಂದವನು ಖಾಲಿ ಸಿಲಿಂಡರ್ ಹೆಗಲ ಮೇಲೆ ಹೊತ್ತುಕೊಂಡು ಗೇಟಿನ ಹತ್ತಿರ ಸುಮ್ಮನೆ ನಿಂತ. ಏನು ಅಂದೆ. “ಏನಿಲ್ರಿ” ಅಂದು ಹೋದ. ನನಗೆ ತಪ್ಪು ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ನಮ್ಮ ಮನೆತನದ ಹೆಂಗಸರಿಗೆ ಬೈಯಲು ಇರುವಷ್ಟು ಬಾಯಿ ತಪ್ಪೊಪ್ಪಿಕೊಳ್ಳಲು ಇರುವುದಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ನಾನು ಮಿರ್ಚಿಗೆ ಹಿಟ್ಟು ಕಲಸುತ್ತಿದ್ದೆ. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ, ಕೈಯಲ್ಲಿ ಚೀಲ.

“ಕಂಪ್ಲಿಗೆ, ತಂಗಿ ಮನಿಗೆ,” ಅಂದ. ಅವನ ತಂಗಿಯ ಗಂಡನದು ಅಲ್ಲಿ ಅಕ್ಕಿ ಗಿರಣಿ ಇದೆ, ಅಪ್ಪ ಆಗಾಗ ಹೋಗಿ ಹದಿನೈದು ದಿನ ಇದ್ದು ಬರುತ್ತಿದ್ದ. ಹಾಗಾಗಿ ನಾನು ತಲೆ ಎತ್ತದೆ “ಹ್ಞೂಂ” ಅಂದೆ.

“ಹೋಗ್ತೀನಿ,” ಅಂದ ಅಪ್ಪ.

ನನ್ನ ಕೈ ಹಿಟ್ಟಿನೊಳಗೇ ಇತ್ತು. ಗೇಟಿನ ಸದ್ದು ಕೇಳಿತು, ಆಟೋ ಶುರುವಾದ ಸದ್ದು ಕೇಳಿತು. ಇನ್ನೆರಡು ಸುತ್ತು ಕಲಸಿದೆ. ಆಮೇಲೆ ತಲೆಗೆ ಹತ್ತಿತು. ಹುಟ್ಟಿದಾಗಿನಿಂದ ಆ ಮನುಷ್ಯನ ಬಾಯಲ್ಲಿ ಕೇಳದ ಮಾತು ಅದು. ಸ್ಮಶಾನದಿಂದ ಹೊರಡುವಾಗ ಕೂಡ ಅವ್ವನಿಗೆ ಅವನು ‘ಬರ್ತೀನಿ’ ಅಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ, ಎಲ್ಲರೂ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ನನಗೆ ‘ಹೋಗ್ತೀನಿ’ ಅಂದ.

ಅವನ ಕೋಣೆಗೆ ಓಡಿದೆ. ಫೋನು ಮಾಡಿದರೆ ಅದು ಹಾಸಿಗೆಯ ಮೇಲೆಯೇ ಗುಂಯ್‌ಗುಡುತ್ತಿತ್ತು. ಅದನ್ನು ಬಿಟ್ಟುಹೋಗಿದ್ದ. ಕಿಟಕಿಯ ಪಕ್ಕ ಮೊಳೆಗೆ ನೇತುಹಾಕಿದ್ದ ಗಡ್ಡ ಕೆರೆಯುವ ಕನ್ನಡಿ ಮಾತ್ರ ಇರಲಿಲ್ಲ. ಕಂಪ್ಲಿಗೆ ಎಷ್ಟು ಸಲ ಹೋದರೂ ಅವನು ಆ ಕನ್ನಡಿ ಒಯ್ದವನಲ್ಲ. ಅದು ಟಿ.ಬಿ. ಡ್ಯಾಂ ಮನೆಯಿಂದ ನನ್ನ ಮನೆಗೆ ಅವನು ತಂದ ಮೊದಲ ಸಾಮಾನು.

ಕೈ ತೊಳೆಯದೆ ಸ್ಕೂಟರ್ ತೆಗೆದೆ. ಕಮಲಾಪುರ ಮುಟ್ಟುವ ಹೊತ್ತಿಗೆ ಕಂಪ್ಲಿ ಬಸ್ಸು ಬಿಟ್ಟಿತ್ತು. ಕೆರೆ ಏರಿ ದಾಟಿ, ಸಿಕ್ಕ ಸಿಕ್ಕ ಬೈಕುಗಳಿಗೆಲ್ಲ ಹಾರ್ನ್ ಹೊಡೆದು, ಕಡಲೆಹಿಟ್ಟು ಮೆತ್ತಿದ ಕೈಯಲ್ಲಿ ಹ್ಯಾಂಡಲ್ ಜಾರುತ್ತ ಹೋದೆ. ದೇವರ ದಯೆಯಿಂದಲ್ಲ, ಕಬ್ಬಿನ ಟ್ರ್ಯಾಕ್ಟರಿನ ದಯೆಯಿಂದ ಬುಕ್ಕಸಾಗರದ ಹತ್ತಿರ ಬಸ್ಸು ಸಿಕ್ಕಿತು. ಟ್ರ್ಯಾಕ್ಟರು ರಸ್ತೆ ತುಂಬ ಕಬ್ಬು ಹೇರಿಕೊಂಡು ತಿರುಗಲಾರದೆ ನಿಂತಿತ್ತು. ಬಸ್ಸಿನ ಮುಂದೆ ಸ್ಕೂಟರ್ ನಿಲ್ಲಿಸಿ ಒಳಗೆ ಹತ್ತಿದೆ.

“ಎಲ್ಲಿಗ್ರಿ ಅಕ್ಕಾರ? ಟಿಕೆಟ್?” ಅಂದ ಕಂಡಕ್ಟರು.

“ಟಿಕೆಟ್ ಬ್ಯಾಡ. ನಮ್ಮಪ್ಪ ಬೇಕು.”

ಅಪ್ಪ ಮೂರನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ, ತೊಡೆಯ ಮೇಲೆ ಚೀಲ. ನನ್ನನ್ನು ನೋಡಿ ಕಬ್ಬಿನ ಕಡೆ ಮುಖ ತಿರುಗಿಸಿದ.

“ಇಳಿ ಅಪ್ಪ. ಮನಿಗೆ ಬಂದು ಕುಂತು, ನೀರು ಕುಡ್ದು, ಸರಿಯಾಗಿ ಹೇಳಿ ಹೋಗು.”

“ಟಿಕೆಟ್ ತಗೊಂಡೀನಿ,” ಅಂದ ಅಪ್ಪ.

ಪಕ್ಕದ ಸೀಟಿನಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡಿದ್ದ ಹೆಂಗಸು, “ಏನಾತವ್ವ?” ಎಂದಳು.

“ಮನಿಯಿಂದ ಹೊಂಡುವಾಗ ‘ಹೋಗ್ತೀನಿ’ ಅಂದು ಬಂದಾನ.”

ಇಷ್ಟು ಸಾಕಾಯಿತು. ಯಾರಿಗೂ ಮುಂದೆ ವಿವರಿಸಬೇಕಾಗಲಿಲ್ಲ. ಬಸ್ಸಿಗೆ ಬಸ್ಸೇ “ಅಯ್ಯಯ್ಯ” ಅಂದಿತು. “ಹಂಗ ಅಂತಾರೇನ್ರಿ ಯಜಮಾನ್ರ, ಇಷ್ಟು ವಯಸ್ಸಾಗಿ?” ಎಂದು ಹಿಂದಿನಿಂದ ಒಬ್ಬರು ಗದರಿದರು. ಇನ್ನೊಬ್ಬರು ಹೆಣ್ಣುಮಗಳಿಗೆ ಹಾಗನ್ನಲೇಬಾರದು ಎಂದರು. ದಾರಿಯಲ್ಲಿ ಯಾರು ಕೈ ಮಾಡಿದರೂ ನಿಲ್ಲಿಸದ ಡ್ರೈವರು ಇಂಜಿನ್ ಆಫ್ ಮಾಡಿ, ಸೀಟಿನಲ್ಲಿ ತಿರುಗಿ ಕೂತ. ಎದುರಿನ ಟ್ರ್ಯಾಕ್ಟರು ಆಗಲೇ ದಾರಿ ಬಿಟ್ಟಿತ್ತು, ಯಾರೂ ಆ ಕಡೆ ನೋಡಲಿಲ್ಲ.

“ಕುಂತಾರಲ್ರಿ ಹೆಂಗೂ,” ಅಂದ ಕಂಡಕ್ಟರು, ಈ ಕೇಸನ್ನು ಬೇಗ ಮುಗಿಸುವ ಆಸೆಯಿಂದ. “ಇಲ್ಲೇ ನೀರು ಕುಡಿಸ್ರಿ. ಮನಿ ಆದ್ರೇನು, ಬಸ್ಸಾದ್ರೇನು?” ಎಂದು ತನ್ನ ಬಾಟಲಿಯನ್ನೇ ಕೊಟ್ಟ.

ನಾನು ಹಿಡಿದೆ. ಅಪ್ಪ ಬಾಟಲಿ ನೋಡಿದ, ನನ್ನ ಹಿಟ್ಟು ಮೆತ್ತಿದ ಕೈ ನೋಡಿದ. ತೆಗೆದುಕೊಂಡು ಎರಡು ಗುಟುಕು ಕುಡಿದ.

“ಅವತ್ತು ತಪ್ಪು ನಂದಪ್ಪ,” ಅಂದೆ. “ದಿನಾ ಅರ್ಧ ತಾಸು ಮುಂಚೆ ಕಳಸ್ತಿದ್ದೆ ನಾನು ಎಲ್ಲಾರನ್ನೂ. ಅವತ್ತು ಹೇಳೋದು ಮರ್ತೆ. ಬೈಸ್ಕೊಂಡಿದ್ದು ನೀನು.”

“ಗೊತ್ತೈತಿ,” ಅಂದ ಅಪ್ಪ.

“ಏನ್ ಗೊತ್ತೈತಿ?”

“ಅರ್ಧ ತಾಸು. ಆಟೋದವ ಮೊದಲನೇ ವರ್ಷಾನ ಹೇಳ್ಯಾನ. ಅದಕ್ಕ ಅಷ್ಟು ನಿಧಾನ ಮಾಡ್ತಿದ್ದೆ.”

ಅಂದರೆ ಆ ದಿನ ತಂಬಿಗೆ ಹಿಡಿದು ನಿಂತಿದ್ದಾಗಲೂ ಅವನಿಗೆ ಗೊತ್ತಿತ್ತು, ಮರೆತವಳು ನಾನು ಎಂದು. ಎಲ್ಲರ ಎದುರಿಗೆ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆ ಇಂಗ್ಲಿಷಿನವರ ಮುಂದೆ ಮಗಳ ಮರ್ಯಾದೆ ಹೋಗಬಾರದೆಂದು ತನ್ನದನ್ನು ಕೊಟ್ಟು ಒಳಗೆ ಹೋಗಿದ್ದ. ನಾನೋ, ಅವನ ಮಾತುಗಳನ್ನು ಈಗ ಯಾರೂ ಆಡುವುದಿಲ್ಲ ಎಂದು ಹಂಗಿಸಿ, ಅನುವಾದ ಬೇರೆ ಮಾಡಿಕೊಟ್ಟಿದ್ದೆ.

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ನಾಚಿಕೆ ಆಗುತ್ತದೆ ಅಂದಿದ್ದೆನಲ್ಲ, ಈಗ ಆಗಲಿ ಎಂದುಕೊಂಡೆ. ನೆಟ್ಟಗೆ ನಿಂತು, ಆ ಮುದಿ ಸಾಹೇಬನೇ ಮೈಮೇಲೆ ಬಂದವಳ ಹಾಗೆ ಗಟ್ಟಿಯಾಗಿ, “ಟೂಡಲ್ ಪಿಪ್!” ಅಂದೆ.

ಸೊಪ್ಪಿನ ಹೆಂಗಸು ತನ್ನ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಥೂ,” ಅಂದ ಅಪ್ಪ. ಒಂಬತ್ತು ದಿನದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. “ಅದು ಒಂದ್ ರಾತ್ರಿ ಇದ್ದು ಓಡೋರಿಗೆ ಲೇ. ಮೂರು ವರ್ಷ ನೋಡೀದಿ, ಅಷ್ಟೂ ತಿಳೀಲಿಲ್ಲಾ?”

“ಮತ್ತ ಏನನ್ಬೇಕು?”

ಅಪ್ಪ ಚೀಲದ ಬಾಯಿ ಬಿಚ್ಚಿ, ಅಡಿಯಿಂದ ಟವೆಲಿನಲ್ಲಿ ಸುತ್ತಿದ ಕನ್ನಡಿ ತೆಗೆದು ನನ್ನ ಕೈಗೆ ಕೊಟ್ಟ. “ಮೊಳಿ ಸಡಿಲೈತಿ. ಬಡ್ದು ಹಾಕು,” ಅಂದ. ಆಮೇಲೆ ಮುಂದಿನ ಸೀಟಿನ ಸರಳು ಹಿಡಿದು ಎದ್ದು ನಿಂತ. ಅಂಗಿ ಸರಿಮಾಡಿಕೊಂಡ. ಬಸ್ಸಿನ ಕೊನೆಯ ಸೀಟಿಗೂ ಕೇಳುವಂತೆ ಅಂದ:

“ಸೋ ಲಾಂಗ್.”

“ಆತಲ್ರಿ?” ಎಂದು ಕಂಡಕ್ಟರು ಎಲ್ಲರನ್ನೂ ಕೇಳಿದ. ಎಲ್ಲರೂ ಆಯಿತು ಎಂದರು. ಅವನು ಸೀಟಿ ಊದಿದ, ನಾನು ಕನ್ನಡಿ ಅವುಚಿಕೊಂಡು ಇಳಿದೆ.